ಕಡಲಿನ ಎಡೆ

ದೇವರ ಮಾತು ಕೇಳದ ಊರುಗಳು ಲೋಕದಲ್ಲಿ ಬಹಳ. ದೇವರ ಮಾತು ಕೇಳಿ, ಕೇಳಿದ್ದನ್ನು ತಪ್ಪು ತಿಳಿದು, ಆ ತಪ್ಪನ್ನೇ ಭಕ್ತಿಯಿಂದ ನಡೆಸಿಕೊಂಡು ಬಂದ ಊರು ನನಗೆ ಗೊತ್ತಿರುವುದು ಒಂದೇ. ಅದರ ಕಥೆಯನ್ನು ನನಗೆ ಹೇಳಿದವರು ಈಗಿಲ್ಲ. ಹೇಳುವಾಗ ಅವರು ಕೈ ಮುಗಿದುಕೊಂಡಿದ್ದರು. ನಾನೂ ಹಾಗೆಯೇ ಮುಗಿದುಕೊಂಡು ಹೇಳುತ್ತೇನೆ.

ಊರು ಎಲ್ಲಿದೆ ಎಂದು ಕೇಳಬೇಡಿ. ಅಲ್ಲಿ ಕಡಲಿತ್ತು, ಮರಳಿತ್ತು, ದೂರದಿಂದ ಬಂದು ಕಡಲು ಸೇರುವ ಒಂದು ಹೊಳೆಯಿತ್ತು. ದಂಡೆಯ ಬಡಗು ತುದಿಯಲ್ಲಿ ಆಮೆಗಲ್ಲು, ತೆಂಕು ತುದಿಯಲ್ಲಿ ಕಿವಿಗಲ್ಲು. ಎರಡು ಬಂಡೆಗಳ ನಡುವೆ ನೀರು ಶಾಂತವಾಗಿರುತ್ತಿತ್ತು. ಹೊರಗೆ ತೆರೆ ಎಷ್ಟೇ ಹಾರಾಡಿದರೂ ಅಲ್ಲಿಗೆ ಬರುವಾಗ ಕಾಲು ತೊಳೆದುಕೊಂಡು ಒಳಗೆ ಬಂದವರ ಹಾಗೆ ಮೆಲ್ಲಗೆ ಬರುತ್ತಿತ್ತು. ಆ ನೀರಿಗೆ ಮಡಿಲು ಎಂದು ಹೆಸರು. ಯಾಕೆ ಆ ಹೆಸರು ಎಂದು ಯಾರೂ ಯೋಚಿಸಿರಲಿಲ್ಲ. ಮಾತಿನ ಒಳಗೆ ಇಣುಕಿ ನೋಡುವ ಅಭ್ಯಾಸ ಆ ಊರಿಗೆ ಇರಲಿಲ್ಲ. ಅದಕ್ಕೊಂದು ಕಾರಣವಿತ್ತು.

ಮಳೆಗಾಲ ಮುಗಿದು, ಹೊಳೆಯ ಕೆಂಪು ನೀರು ಇಳಿದು, ಕಡಲು ಮತ್ತೆ ನೀಲಿಯಾದ ಮೊದಲ ಬೆಳಿಗ್ಗೆ ಊರಿಗೆ ಊರೇ ದಂಡೆಗೆ ಬರುತ್ತಿತ್ತು. ಹೆಂಗಸರು ಸದ್ದಾಗದಂತೆ ಬಳೆಗಳನ್ನು ಮೊಣಕೈಯತ್ತ ಏರಿಸಿ ಬಿಗಿ ಮಾಡಿಕೊಳ್ಳುತ್ತಿದ್ದರು. ಗಂಡಸರು ಕೆಮ್ಮು ಬಂದರೆ ನುಂಗಿಕೊಳ್ಳುತ್ತಿದ್ದರು. ಬುಟ್ಟಿಗಳೆಲ್ಲ ಬೋರಲು. ದೋಣಿಗಳೆಲ್ಲ ಮರಳಿನ ಮೇಲೆ. ಆಗ ಕೇಳುವವಳು ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಕಿವಿಗಲ್ಲಿನ ಬಳಿಗೆ ಹೋಗಿ ಮಂಡಿಯೂರುತ್ತಿದ್ದಳು. ಕಲ್ಲಿನಲ್ಲಿ ಒಂದು ತೂತು. ಅದಕ್ಕೆ ಬಲಗಿವಿ ಇಟ್ಟು ಏಳು ತೆರೆ ಬಂದು ಹೋಗುವಷ್ಟು ಹೊತ್ತು ಹಾಗೇ ಇರುತ್ತಿದ್ದಳು. ಎದ್ದು ನಿಂತು, ಕಡಲತಾಯಿ ಏನು ಹೇಳಿದಳೋ ಅದನ್ನು ಒಂದೇ ಸಲ ಊರಿಗೆ ಹೇಳುತ್ತಿದ್ದಳು. ಪಕ್ಕದಲ್ಲಿ ನಿಂತ ಗಂಟೆಯವನು ಒಮ್ಮೆ ಗಂಟೆ ಬಾರಿಸುತ್ತಿದ್ದ. ಅಲ್ಲಿಗೆ ಮುಗಿಯಿತು. ಆ ಒಂದು ಮಾತಿನ ಮೇಲೆ ಊರು ಒಂದು ವರ್ಷ ಬದುಕಬೇಕು.

ಕಟ್ಟಳೆ ಎರಡೇ. ಕೇಳಿದ್ದನ್ನು ಹೇಳಬೇಕು. ಹೇಳಿದ್ದನ್ನು ಬಿಡಿಸಬಾರದು.

ಬಲೆಯ ಗಂಟನ್ನು ಬಿಡಿಸಬಹುದು, ಬಲೆಯೊಳಗಿನ ಮೀನನ್ನು ಬಿಡಿಸಬಹುದು, ಸಿಕ್ಕಾದ ಕೂದಲನ್ನು ಬಿಡಿಸಬಹುದು. ಕಡಲಿನ ಮಾತನ್ನು ಬಿಡಿಸಬಾರದು. ಹೀಗೆಂದರೆ ಹಾಗೆ, ಹಾಗೆಂದರೆ ಹೀಗೆ ಎಂದು ಕೇಳುವವಳು ಅರ್ಥ ಹೇಳತೊಡಗಿದರೆ ಆ ಕ್ಷಣದಿಂದ ಕಲ್ಲು ಅವಳಿಗೆ ಬಾಯಿ ಮುಚ್ಚುತ್ತದೆ. ಮತ್ತೆ ತೆರೆಯುವುದಿಲ್ಲ.

ಹಿಂದೆ ಒಂದು ವರ್ಷ ಕಡಲು "ಬಡಗಿಗೆ ಹೋಗಿ" ಎಂದಿತ್ತಂತೆ. ಊರಿನ ಅರ್ಧ ಜನ ಬಡಗು ದಿಕ್ಕಿಗೆ ದೋಣಿ ಬಿಟ್ಟರು. ಉಳಿದ ಅರ್ಧ ಜನ ಬಡಗಿಯ ಮನೆಗೆ ಹೋಗಿ ದೋಣಿಯ ತೂತು ಮುಚ್ಚಿಸಿಕೊಂಡರು. ಇಬ್ಬರಿಗೂ ಒಳ್ಳೆಯದೇ ಆಯಿತು. ಇನ್ನೊಂದು ವರ್ಷ "ಉಪ್ಪು ಜಾಸ್ತಿ" ಎಂದಿತು. ಊರಿನವರು ಪೂರ್ತಿ ಒಂದು ವರ್ಷ ಸಪ್ಪೆ ಸಾರು ಉಂಡರು. ಯಾರೂ ಗೊಣಗಲಿಲ್ಲ. ನಂಬಿದವರ ನಾಲಗೆಗೆ ಸಪ್ಪೆಯೂ ಪ್ರಸಾದ.

ಕೇಳುವವಳಿಗೆ ತನ್ನವರೆಂದು ಯಾರೂ ಇರಲಿಲ್ಲ. ಗಂಡ ಕಡಲಿಗೆ ಹೋದವನು ಹೋದವನೇ. ಮಕ್ಕಳಾಗಿರಲಿಲ್ಲ. ಅವಳಿಗೆ ಇದ್ದದ್ದು ವರ್ಷಕ್ಕೆ ಏಳು ತೆರೆಯ ಹೊತ್ತು. ಆ ಹೊತ್ತಿನಲ್ಲಿ ತಾಯಿ ಅವಳೊಬ್ಬಳ ಕಿವಿಯಲ್ಲಿ ಮಾತಾಡುತ್ತಿದ್ದಳು. ಉಳಿದ ದಿನಗಳನ್ನೆಲ್ಲ ಅವಳು ಆ ದನಿಯನ್ನು ಚಪ್ಪರಿಸಿಕೊಂಡೇ ಕಳೆಯುತ್ತಿದ್ದಳು. ಅದು ಹೋದರೆ ಅವಳಿಗೆ ಏನೂ ಉಳಿಯುವುದಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಕೇಳಿ.

ಒಂದು ವರ್ಷ ಅವಳು ಕಲ್ಲಿನಿಂದ ಕಿವಿ ತೆಗೆದಾಗ ಮುಖ ಬಿಳಿಚಿಕೊಂಡಿತ್ತು. ಎದ್ದು ನಿಂತು ಹೇಳಿದಳು:

"ನನಗೆ ಎಡೆಯಿಲ್ಲ."

ಗಂಟೆಯಾಯಿತು.

ಜನ ತಲೆ ತಗ್ಗಿಸಿದರು. ಬಾಳೆಲೆ ಹಾಸಿ, ಅನ್ನ ಬಡಿಸಿ, ಮೀನು ಪದಾರ್ಥ ಬಡಿಸಿ, ತೆಂಗಿನಕಾಯಿ ಹೋಳು, ಬೆಲ್ಲದ ಚೂರು ಇಟ್ಟು ದೇವರಿಗೋ ತೀರಿಹೋದ ಹಿರಿಯರಿಗೋ ಸಲ್ಲಿಸುವ ಎಡೆಯನ್ನು ಅವರು ಎಂದೂ ತಪ್ಪಿಸಿದವರಲ್ಲ. ಕಡಲಿಗೆ ಮಾತ್ರ ಇಟ್ಟಿರಲಿಲ್ಲ.

"ತಾಯಿ ಹಸಿದಿದ್ದಾಳೆ," ಎಂದ ಬಲೆಯ ಯಜಮಾನ. "ವರ್ಷವಿಡೀ ಅವಳ ಮನೆಯಲ್ಲಿ ಉಂಡೆವು. ಅವಳಿಗೊಂದು ಎಲೆ ಹಾಕಬೇಕು ಅಂತ ಒಬ್ಬನಿಗೂ ನೆನಪಾಗ್ಲಿಲ್ಲ."

ಬಲೆಯ ಯಜಮಾನ ಎಂದರೆ ಊರಿನ ದೊಡ್ಡ ಬಲೆಯನ್ನು ನಡೆಸುವವನು. ಆ ಬಲೆಯ ಒಂದು ತುದಿ ದಂಡೆಯಲ್ಲಿ ಹಿಡಿದು, ದೋಣಿಯಲ್ಲಿ ನೀರನ್ನು ಸುತ್ತುಬಳಸಿ ಬಂದು, ಇನ್ನೊಂದು ತುದಿಯನ್ನು ದಂಡೆಗೆ ತಂದು, ನಲವತ್ತು ಜನ ಆ ಕಡೆ ನಲವತ್ತು ಜನ ಈ ಕಡೆ ನಿಂತು ಎಳೆಯಬೇಕು. ಎಳೆದವರ ಮನೆಯ ಒಲೆ ಹೊತ್ತುವುದು ಅದರಿಂದಲೇ. ಅವನು ಕೆಟ್ಟವನಲ್ಲ. ಮೊದಲ ಮೀನನ್ನು ಕಣ್ಣಿಗೊತ್ತಿಕೊಳ್ಳದೆ ಬುಟ್ಟಿಗೆ ಹಾಕಿದವನಲ್ಲ. ಅವನ ಭಕ್ತಿಯಲ್ಲಿ ಕೊರತೆಯಿದ್ದಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ.

ಆ ವರ್ಷ ತೆರೆಯಂಚಿನಲ್ಲಿ ಒಂದು ಎಡೆ ಇಟ್ಟರು. ತೆರೆ ಬಂದು ಎಲೆಯನ್ನು ಎಳೆದುಕೊಂಡು ಹೋಯಿತು. ತಾಯಿ ಉಂಡಳು ಎಂದು ಸಂತೋಷಪಟ್ಟರು.

ಮರುವರ್ಷ ಕಲ್ಲು ಹೇಳಿದ್ದು ಅದೇ. "ನನಗೆ ಎಡೆಯಿಲ್ಲ."

ಒಂದು ಎಲೆ ಸಾಲಲಿಲ್ಲ ಎಂದುಕೊಂಡರು. ಮನೆಗೊಂದು ಎಲೆಯೆಂದು ತೀರ್ಮಾನವಾಯಿತು. ಅಷ್ಟು ಎಲೆಗೆ ಮೀನು ಬೇಕು. ಯಜಮಾನ ಬಲೆಗೆ ಹೊಸ ತುಂಡು ಹೆಣೆದು ಸೇರಿಸಿದ. ಬಲೆ ಉದ್ದವಾಯಿತು. ಬಂಗುಡೆ ಬಂತು, ಬಂಗುಡೆಯ ಮರಿಯೂ ಬಂತು. ತೆರೆ ಅರ್ಧ ಎಲೆಗಳನ್ನು ಒಯ್ದು ಅರ್ಧವನ್ನು ತಂದು ದಂಡೆಗೆ ಹಾಕಿತು.

ಮೂರನೆಯ ವರ್ಷವೂ ಅದೇ ಮಾತು. ಈ ಸಲ ನೂರೊಂದು ಎಡೆ. ಬಲೆ ಇನ್ನೂ ಉದ್ದವಾಯಿತು, ಅದರ ಹೆಣಿಗೆಯ ಕಣ್ಣು ಸಣ್ಣದಾಯಿತು. ಬಲೆಯೊಳಗೆ ಬೆರಳುದ್ದದ ಬೂತಾಯಿ ಮೀನು, ಇನ್ನೂ ಚಿಪ್ಪು ಗಟ್ಟಿಯಾಗದ ಏಡಿ, ಹೊಟ್ಟೆ ತುಂಬ ಮೊಟ್ಟೆ ಹೊತ್ತು ಬಾಯಿ ಬಿಡುತ್ತಿದ್ದ ಕಾಣೆ ಮೀನು. ಎಲ್ಲವನ್ನೂ ಅಚ್ಚುಕಟ್ಟಾಗಿ ಬೇಯಿಸಿ ಬಡಿಸಿದರು. ತೆರೆ ಬಂತು, ನೂರೊಂದು ಎಲೆಗಳನ್ನೂ ಮೂಸಿ ನೋಡಿತು, ಒಂದನ್ನೂ ಮುಟ್ಟದೆ ಹಿಂದೆ ಹೋಯಿತು.

ತಾಯಿಗೆ ಬೇಸರವಾಗಿದೆ ಎಂದುಕೊಂಡರು. ಬೇಸರ ಯಾಕೆ ಎಂದು ಕೇಳಿದವರಿಲ್ಲ. ಕೇಳುವುದೆಂದರೆ ಬಿಡಿಸುವುದು.

ಅಷ್ಟರಲ್ಲಿ ಹೊರಗಿನ ಕಡಲಿನಲ್ಲಿ ಮೀನೇ ಇಲ್ಲದ ಹಾಗಾಯಿತು. ಮನೆಮನೆಗೆ ಮೀನು ಹೊತ್ತು ಮಾರುತ್ತಿದ್ದ ಬುಟ್ಟಿಯವಳು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು. "ನನ್ನ ಬುಟ್ಟಿಯಲ್ಲಿ ಮೀನಿಗಿಂತ ನೊಣ ಜಾಸ್ತಿ ಮಾರಾಯ್ತಿ. ಮೊದಲೆಲ್ಲ ಬೆಕ್ಕು ನನ್ನ ಹಿಂದೆ ಬರ್ತಿತ್ತು. ಈಗ ಪಾಪ ಅಂತ ಅದೇ ನಂಗೆ ಎಂತಾದ್ರೂ ತಂದು ಕೊಟ್ಟೀತು."

ಇನ್ನು ಮೀನು ಉಳಿದದ್ದು ಮಡಿಲಿನಲ್ಲಿ. ಅಲ್ಲಿ ಬಲೆ ಹಾಕಬಾರದು ಎಂದೇನೂ ಇರಲಿಲ್ಲ. ತಳದಲ್ಲಿ ಕಲ್ಲಿದೆ, ಬಲೆ ಹರಿಯುತ್ತದೆ ಎಂದು ಹಾಕುತ್ತಿರಲಿಲ್ಲ, ಅಷ್ಟೆ. ಬಿಸಿಲು ಚೆನ್ನಾಗಿದ್ದಾಗ ಆಮೆಗಲ್ಲಿನ ಮೇಲೆ ನಿಂತರೆ ಕಾಣುತ್ತಿತ್ತು: ಊರು ಬಿಟ್ಟು ಓಡಿ ಬಂದವರು ಛತ್ರದಲ್ಲಿ ಒತ್ತಿಕೊಂಡು ಕೂತ ಹಾಗೆ, ಕಲ್ಲಿನ ಸಂದುಗಳಲ್ಲಿ ಮೀನು. ನಾಲ್ಕನೆಯ ವರ್ಷಕ್ಕೆ ಸಾವಿರ ಎಡೆ ಎಂದು ಯಜಮಾನ ಹರಕೆ ಹೊತ್ತ. ಕಲ್ಲಿಗೆ ಹರಿಯದಂಥ ದಪ್ಪ ಹುರಿಯಿಂದ ಬಲೆಯನ್ನು ಮತ್ತೆ ಹೆಣೆಯತೊಡಗಿದ.

ಬಲೆ ಬೆಳೆಯಿತು. ಮೊದಲು ದಂಡೆಯ ಚಪ್ಪರದಲ್ಲಿ ಹಿಡಿಸುತ್ತಿತ್ತು. ಆಮೇಲೆ ಯಜಮಾನನ ಮನೆಯ ಜಗಲಿಗೆ ಬಂತು. ಜಗಲಿ ತುಂಬಿ ಪಡಸಾಲೆಗೆ ಬಂತು. ಪಡಸಾಲೆ ತುಂಬಿ ಅಡುಗೆಮನೆಗೆ ಬಂತು. ಯಜಮಾನನ ಹೆಂಡತಿ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇಯಿಸತೊಡಗಿದಳು. ಮನೆಯವರು ಗೋಡೆಗೆ ಬೆನ್ನು ಹಚ್ಚಿ ಏಡಿಯ ಹಾಗೆ ಅಡ್ಡಡ್ಡ ನಡೆಯುವುದನ್ನು ಕಲಿತರು. ದೇವರ ಕೆಲಸಕ್ಕೆಂದು ಬೆಳೆದ ಬಲೆ. ಯಾರು ಏನು ಹೇಳುತ್ತಾರೆ?

ಹೀಗಿರುವಾಗ ಯಜಮಾನನ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಕೊಟ್ಟದ್ದು ದೂರದ ಊರಿಗೆ, ಹೊಳೆ ಹುಟ್ಟುವ ಕಡೆಗೆ. ಕಿವಿಗಲ್ಲಿನ ದಿನಕ್ಕೆ ಇನ್ನೊಂದೇ ದಿನ ಉಳಿದಿತ್ತು. ದಿನ ತುಂಬಿದ ಮಗಳನ್ನು ನೋಡಲು ಬುಟ್ಟಿಯವಳು ಬಂದಳು. ಕೇಳುವವಳು ಒಂದು ಗಿಂಡಿ ತೆಂಗಿನೆಣ್ಣೆ ಹಿಡಿದುಕೊಂಡು ಬಂದಳು.

ಮಗಳು ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದಳು. ಬಾಣಂತಿ ಕೋಣೆಯ ಬಾಗಿಲಿನವರೆಗೆ ಬಲೆ.

"ಅಪ್ಪ, ನಾನು ಎಲ್ಲಿ ಮಲಗೋದು?"

"ಅದರ ಮೇಲೇ ಮಲಗು ಮಗ. ಮೆತ್ತಗುಂಟು."

"ಅದರ ಮೇಲೆ ಮಲಗಿದ ಮೀನು ಒಂದಾದ್ರೂ ವಾಪಸು ಎದ್ದದ್ದುಂಟಾ?"

ಬುಟ್ಟಿಯವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಯಜಮಾನ ನಗಲಿಲ್ಲ. "ನಾಳೆ ಒಂದಿನ ತಡ್ಕೋ. ಸಾವಿರ ಎಡೆ ಇಟ್ಟು ಮುಗಿದ ಮೇಲೆ ನೋಡುವ. ತಾಯಿ ಹಸಿದು ಕೂತಿರುವಾಗ ನಮ್ಮ ಸುಖ ದೊಡ್ಡದಾ?"

ಮಗಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಜಗಲಿಯ ಅಂಚಿನಲ್ಲಿ ಕೂತಳು. ಸಿಟ್ಟಿನಿಂದಲ್ಲ, ಬರೀ ದಣಿವಿನಿಂದ, ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ ಹೇಳಿದಳು:

"ನನಗೆ ಎಡೆಯಿಲ್ಲ."

ಕೇಳುವವಳು ಎಣ್ಣೆಯ ಗಿಂಡಿಯನ್ನು ಜಗಲಿಯ ಮೇಲಿಟ್ಟು ಅವಳತ್ತ ತಿರುಗಿದಳು.

ಮಾತು ಅದೇ. ದನಿಯೂ ಅದೇ. ನಾಲ್ಕನೆಯ ಅಕ್ಷರದ ಮೇಲೆ ಉಸಿರು ತಗ್ಗುವ ರೀತಿ ಕೂಡ ಅದೇ.

"ಎಂತ ಹೇಳಿದೆ ಮಗ?" ಎಂದಳು ಅವಳು. "ನಿನಗೆ ಎಲೆ ಹಾಕ್ಲಿಲ್ವಾ? ಊಟ ಆಗ್ಲಿಲ್ವಾ?"

"ಊಟಕ್ಕೇನು, ಹೊಟ್ಟೆ ಬಿರಿಯುವಷ್ಟು ಆಯ್ತು ದೊಡ್ಡಮ್ಮ. ಜಾಗ ಇಲ್ಲ ಅಂದೆ. ಅಲ್ಲಿ ನಮ್ಮ ಕಡೆ ಜಾಗಕ್ಕೆ ಎಡೆ ಅಂತಾರೆ. ಎಡೆ ಬಿಡು ಗಾಳಿ ಬರಲಿ, ಎಡೆ ಮಾಡು ನೆಂಟರು ಕೂರಲಿ... ಅತ್ತೆ ದಿನಾ ಅನ್ನೋ ಮಾತು. ನನ್ನ ಬಾಯಿಗೂ ಬಂದುಬಿಟ್ಟಿದೆ."

"ಎಲ್ಲರೂ ಗಂಡನ ಮನೆಯಿಂದ ಸೀರೆ ತರ್ತಾರೆ," ಎಂದಳು ಬುಟ್ಟಿಯವಳು. "ಇವಳು ನೋಡು, ಮಾತು ತಂದಿದ್ದಾಳೆ. ನಮ್ಮಲ್ಲಿ ಜಾಗಕ್ಕೆ ಜಾಗ ಅಂತಾರೆ ಮಗ. ಮರೆತುಹೋಯ್ತಾ?"

ಕೇಳುವವಳು ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಹೊಳೆಯ ದಂಡೆಗೆ ಹೋಗಿ ನಿಂತಳು. ನೀರು ಬರುತ್ತಿತ್ತು, ಮಗಳ ಗಂಡನ ಊರಿನ ಕಡೆಯಿಂದ, ಅಲ್ಲಿಯ ಅತ್ತೆಯಂದಿರು ಪಾತ್ರೆ ತೊಳೆಯುತ್ತ, ಬಟ್ಟೆ ಒಗೆಯುತ್ತ ಆಡಿದ ಮಾತುಗಳ ಪಕ್ಕದಿಂದ ಹಾದು ಬಂದು, ಕಡಲಿಗೆ ಇಳಿಯುತ್ತಿತ್ತು. ಎಷ್ಟು ಕಾಲದಿಂದ ಹೀಗೆ? ಹಾಗಾದರೆ ಕಡಲು ಯಾವ ಮಾತು ಕಲಿತಿದ್ದೀತು? ನಮ್ಮ ದಂಡೆಯ ಮಾತೋ, ಹೊಳೆ ತಂದ ಮಾತೋ? ಇಷ್ಟು ವರ್ಷ ನಾನು ಶಬ್ದವನ್ನು ಕೇಳಿದೆನೋ, ತಾಯಿಯನ್ನು ಕೇಳಿದೆನೋ?

ಇಂಥ ಪ್ರಶ್ನೆ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಹೆದರಿಕೆಯಾಯಿತು. ಹೆದರಿಕೆಯ ಕೆಳಗೆ, ಹೇಳಿದರೆ ತಪ್ಪಾದೀತು, ಒಂದು ತರಹ ಖುಷಿಯೂ ಆಯಿತು.

ಮರುದಿನ ಬೆಳಿಗ್ಗೆ ಊರು ದಂಡೆಗೆ ಬಂತು. ಬಳೆಗಳು ಬಿಗಿಯಾದವು, ಕೆಮ್ಮುಗಳು ನುಂಗಿಹೋದವು. ಆಮೆಗಲ್ಲಿನಿಂದ ಕಿವಿಗಲ್ಲಿನವರೆಗೆ ಮರಳಿನ ಮೇಲೆ ಸಾವಿರ ಬಾಳೆಲೆ ಹಾಸಿದ್ದರು. ಬಲೆಯನ್ನು ಮೂರು ದೋಣಿಗಳಿಗೆ ಹೇರಿದ್ದರು. ದೋಣಿಗಳ ಮೂತಿ ಮಡಿಲಿನತ್ತ ತಿರುಗಿತ್ತು.

ಕೇಳುವವಳು ಒದ್ದೆ ಸೀರೆಯಲ್ಲಿ ಮಂಡಿಯೂರಿ ಕಲ್ಲಿಗೆ ಕಿವಿ ಇಟ್ಟಳು. ಏಳು ತೆರೆ. ದನಿ ಈ ಸಲ ತೀರ ಸಣ್ಣಗಿತ್ತು, ಬಾಗಿಲಿನ ಆಚೆಯಿಂದ ನರಳುವವರ ದನಿಯ ಹಾಗೆ. ಅದನ್ನು ಅವಳು ಕೊನೆಯವರೆಗೆ ಕೇಳಿದಳು. ಏಳನೆಯ ತೆರೆ ಹಿಂದೆ ಹೋದ ಮೇಲೂ ಸ್ವಲ್ಪ ಹೊತ್ತು ಕಿವಿ ತೆಗೆಯಲಿಲ್ಲ. ಇನ್ನೊಮ್ಮೆ ಸಿಗುವುದಿಲ್ಲ ಎಂದು ಗೊತ್ತಿದ್ದವರು ಹಾಗೆ ಮಾಡುತ್ತಾರೆ.

ಎದ್ದು ಹೇಳಿದಳು: "ನನಗೆ ಎಡೆಯಿಲ್ಲ."

ಗಂಟೆಯಾಯಿತು. ಯಜಮಾನ ಹುಟ್ಟು ಎತ್ತಿದ.

ಕೇಳುವವಳು ಸಾವಿರ ಎಲೆಗಳಲ್ಲಿ ಒಂದನ್ನು ಎತ್ತಿಕೊಂಡಳು. ನೀರಿನಂಚಿಗೆ ಹೋಗಿ, ಅನ್ನವಿಲ್ಲದೆ, ಮೀನಿಲ್ಲದೆ, ಒಂದು ಹರಳು ಉಪ್ಪೂ ಇಲ್ಲದೆ, ಖಾಲಿ ಎಲೆಯನ್ನು ಹಾಸಿ ಕೈ ಮುಗಿದಳು.

"ಅಕ್ಕ, ಬಡಿಸೋದು ಮರೆತಿರಿ," ಎಂದ ಗಂಟೆಯವನು ಮೆಲ್ಲಗೆ.

"ವಯಸ್ಸಾಯ್ತು ಪಾಪ," ಎಂದಳು ಬುಟ್ಟಿಯವಳು.

ಒಂದು ತೆರೆ ಬಂತು. ಹಿಂದಿನ ವರ್ಷ ನೂರೊಂದು ಎಲೆಗಳನ್ನು ಮೂಸಿ ಬಿಟ್ಟುಹೋದ ತೆರೆ. ಅದು ಖಾಲಿ ಎಲೆಯ ಅಡಿಗೆ ಕೈಹಾಕಿ, ಮಲಗಿದ ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು ಮಡಿಲಿನೊಳಗೆ ಹೋಯಿತು. ಎಲ್ಲರೂ ಕಂಡರು. ಒಬ್ಬರಿಗೂ ಅರ್ಥವಾಗಲಿಲ್ಲ. ದೋಣಿ ನೀರಿಗೆ ಇಳಿಯಿತು.

ಆಗ ಅವಳು ಬಾಯಿ ತೆರೆದಳು. ಏನು ಕಳೆದುಕೊಳ್ಳುತ್ತೇನೆ ಎಂದು ತಿಳಿದೇ ತೆರೆದಳು.

"ಯಜಮಾನರೇ, ನಿಲ್ಲಿ. ತಾಯಿಗೆ ಹಸಿವಲ್ಲ. ಅವಳು ಜಾಗ ಕೇಳ್ತಾ ಇದ್ದಾಳೆ."

ದಂಡೆಯ ಮೇಲೆ ಒಂದು ಬಳೆಯ ಸದ್ದು ಕೇಳಿತು. ಗಂಟೆಯವನು ಹೆಗಲ ಮೇಲಿನ ಬಟ್ಟೆ ತೆಗೆದು, ಅಳುತ್ತ, ಗಂಟೆಯ ನಾಲಗೆಗೆ ಸುತ್ತಿ ಕಟ್ಟಿದ. ಕೇಳುವವಳು ಮಾತು ಬಿಡಿಸಿದಾಗ ಹಾಗೆ ಮಾಡಬೇಕೆಂದು ಅವನ ಅಜ್ಜ ಹೇಳಿಕೊಟ್ಟಿದ್ದ. ಮಾಡುವ ಗಳಿಗೆ ಬಂದೀತೆಂದು ಅವನು ಎಣಿಸಿರಲಿಲ್ಲ.

"ಬಿಡಿಸಿಬಿಟ್ಟಿರಲ್ಲ ಅಕ್ಕ," ಎಂದ.

"ಬಿಡಿಸಿದೆ."

ಯಜಮಾನ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. "ಇಷ್ಟು ವರ್ಷ ನಾವು ಇಟ್ಟದ್ದು? ನಾನು ಹೆಣೆದದ್ದು? ಎಲ್ಲ ಸುಳ್ಳಾ? ಎಂಬತ್ತು ಮನೆಯ ಒಲೆ ಈ ಬಲೆಯಲ್ಲುಂಟು. ಜಾಗ ಕೊಡಿ ಅಂದ್ರೆ ಎಲ್ಲಿಂದ ಕೊಡೋದು? ಕಡಲಿಗೆ ಜಾಗವಾ? ಕಡಲಿಗಿಂತ ದೊಡ್ಡ ಜಾಗ ಯಾವುದುಂಟು?"

ಅವನ ಪ್ರಶ್ನೆ ಸುಳ್ಳಲ್ಲ. ಆಗ ಹೆಂಗಸರ ಗುಂಪಿನಿಂದ, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಮರಳಿನಲ್ಲಿ ಹೆಜ್ಜೆ ಹುಡುಕುತ್ತ ಅವನ ಮಗಳು ಬಂದಳು.

"ಅಪ್ಪ, ನಮ್ಮ ಮನೆಯೂ ದೊಡ್ಡದೇ ಅಲ್ವಾ?"

ಅಷ್ಟೇ ಹೇಳಿದಳು. ಯಜಮಾನ ಮಗಳನ್ನು ನೋಡಿದ. ಅವಳ ಹೊಟ್ಟೆಯನ್ನು ನೋಡಿದ. ತಿರುಗಿ ಮಡಿಲನ್ನು ನೋಡಿದ. ಬಿಸಿಲು ನೀರಿನ ತಳ ಮುಟ್ಟಿತ್ತು. ಕಲ್ಲಿನ ಸಂದುಗಳಲ್ಲಿ, ಮೊಟ್ಟೆಯ ಭಾರಕ್ಕೆ ಹೊಟ್ಟೆ ಜೋತ ಮೀನುಗಳು ಒಂದಕ್ಕೊಂದು ಒತ್ತಿಕೊಂಡು, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದವು. ಅವನ ಮನೆಯವರು ನಿಲ್ಲುವ ಹಾಗೆಯೇ. ಹುಟ್ಟು ಅವನ ಕೈಯಿಂದ ಜಾರಿ ನೀರಿನಲ್ಲಿ ತೇಲಿತು.

ಕೇಳುವವಳತ್ತ ತಿರುಗಿ ಕೇಳಿದ, "ಎಷ್ಟು ಜಾಗ ಬೇಕಂತೆ?"

"ಇನ್ನು ನನಗೆ ಕೇಳುವುದಿಲ್ಲ," ಎಂದಳು ಕೇಳುವವಳು.

ಮಗಳೇ ಹೇಳಿದಳು. "ಬಾಣಂತಿಗೆ ಎಷ್ಟು ಬೇಕು ಅಪ್ಪ? ಅವಳು ಮಲಗಬೇಕು. ಮಗು ಮಗ್ಗುಲಲ್ಲಿ ಹಿಡಿಸಬೇಕು. ಹೊಸ್ತಿಲು ದಾಟಿ ಯಾರೂ ಒಳಗೆ ಹೋಗಬಾರದು."

ಯಜಮಾನ ದೋಣಿ ಹತ್ತಿದ. ಬಲೆಯ ಒಂದು ತುದಿಯನ್ನು ಆಮೆಗಲ್ಲಿಗೆ ಕಟ್ಟಿಸಿ, ಕಡಲಿನೊಳಗೆ ದೂರ ಹೋಗಿ, ಬಳಸಿ ಬಂದು, ಇನ್ನೊಂದು ತುದಿಯನ್ನು ಕಿವಿಗಲ್ಲಿಗೆ ತಂದ. ಮೀನು ಹಿಡಿಯುವಾಗ ಹೇಗೋ ಹಾಗೆಯೇ. ಇಷ್ಟು ಕಾಲ ಹೆಣೆದ ಅಷ್ಟೂ ಉದ್ದವನ್ನು ನೀರಿನ ಮೇಲೆ ಅಳೆದ. ಆಮೇಲೆ ದೋಣಿಯಲ್ಲಿ ಕೂತು ಚಾಕು ತೆಗೆದು, ನೀರಿನೊಳಗೆ ಇಳಿದಿದ್ದ ಬಲೆಯನ್ನೆಲ್ಲ ಮೇಲಿನ ಹಗ್ಗದಿಂದ ಮಾರು ಮಾರಾಗಿ ಕೊಯ್ದು ದೋಣಿಗೆ ಎಳೆದುಕೊಂಡ. ಉಳಿದದ್ದು ಹಗ್ಗ ಮತ್ತು ಹಗ್ಗಕ್ಕೆ ಕಟ್ಟಿದ ಮರದ ಬೆಂಡುಗಳು, ಒಂದರ ಹಿಂದೆ ಒಂದು ತೇಲುತ್ತ, ಬಂಡೆಯಿಂದ ಬಂಡೆಗೆ. ಅಷ್ಟು ಜಾಗ ತಾಯಿಯದು. ಆಸೆ ಎಷ್ಟು ದೂರ ಚಾಚಿತ್ತೋ ಅಷ್ಟೇ ದೂರ ಅವನು ಬಿಟ್ಟುಕೊಟ್ಟ.

ಆ ಸಾಲಿಗೆ ಹೊಸ್ತಿಲು ಎಂದು ಹೆಸರಾಯಿತು. ಒಳಗೆ ಬಲೆಯಿಲ್ಲ, ಗಾಳವಿಲ್ಲ, ದೋಣಿಯಿಲ್ಲ, ಚಿಪ್ಪು ಆರಿಸಲು ಇಳಿಯುವ ಕಾಲೂ ಇಲ್ಲ. ಹೊಸ್ತಿಲು ದಾಟಿ ತಾನಾಗಿ ಹೊರಗೆ ಬಂದದ್ದು ಊರಿನದು.

ಮೂರು ದಿನದ ಮೇಲೆ ಯಜಮಾನನ ಮನೆಯಲ್ಲಿ ಖಾಲಿಯಾದ ಕೋಣೆಯಲ್ಲಿ ಹೆಣ್ಣು ಮಗು ಹುಟ್ಟಿತು.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ದೇವರು ಯಾರಿಗೂ ಮರುದಿನವೇ ಉತ್ತರ ಕೊಡುವುದಿಲ್ಲ.

ಮರುವರ್ಷ ಕೇಳುವವಳು ಕಲ್ಲಿಗೆ ಕಿವಿ ಇಟ್ಟಳು. ಏಳು ತೆರೆ ಬಂದವು, ಹೋದವು. ಏನೂ ಇಲ್ಲ. ನಾಲಗೆ ಕಟ್ಟಿದ ಗಂಟೆಯೂ ಮಾತಾಡಲಿಲ್ಲ. ಬೇರೆ ಹೆಂಗಸರು ಬಂದು ಕಿವಿ ಇಟ್ಟರು, ಗಂಟೆಯವನೂ ಇಟ್ಟ. ಯಾರಿಗೂ ಏನೂ ಇಲ್ಲ. ತಾಯಿ ಮುನಿದಳು, ಇವಳು ಬಿಡಿಸಿದ್ದಕ್ಕೆ ನಮಗೆಲ್ಲ ಬಾಯಿ ಮುಚ್ಚಿದಳು ಎಂದು ಕೆಲವರು ಹೇಳಿದರು. ಆ ವರ್ಷ ಊರು ಕೆಸು, ಹಲಸಿನ ಬೀಜ, ಹೊಳೆಯ ಸೊಪ್ಪು ತಿಂದಿತು. ಬುಟ್ಟಿಯವಳು ಹುಣಸೆಹಣ್ಣು ಮಾರಿದಳು. ಕೇಳುವವಳು ಎದುರಾದರೆ, "ಎಂತ ದೊಡ್ಡಮ್ಮ, ನಿಮ್ಮ ಬಾಣಂತಿ ಎದ್ದಳಾ?" ಎನ್ನುತ್ತಿದ್ದಳು.

"ಇನ್ನೂ ಇಲ್ಲ," ಎನ್ನುತ್ತಿದ್ದಳು ಅವಳು.

ಹಗ್ಗ ಕತ್ತರಿಸಿ ಒಳಗೆ ಹೋಗೋಣ ಎಂದವರೂ ಇದ್ದರು. ಯಜಮಾನ, ಮೊಮ್ಮಗಳು ಬಂದಿದ್ದಾಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಲ್ಲದಾಗ ಒಬ್ಬನೇ, ಹಗಲೆಲ್ಲ ದಂಡೆಯಲ್ಲಿ ಇರುತ್ತಿದ್ದ. ಯಾರೂ ಹಗ್ಗ ಮುಟ್ಟಲಿಲ್ಲ. ಆದರೆ ನೋಡುವುದನ್ನು ಬಿಡಲಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ಯಾರಿಗೆ ಕುತೂಹಲ ಹುಟ್ಟುವುದಿಲ್ಲ? ಕೆಲಸವಿಲ್ಲದ ಜನ ಆಮೆಗಲ್ಲಿನ ಮೇಲೆ ಸಾಲಾಗಿ ಕೂತು ಬೆಂಡುಗಳ ಆಚೆ ಇಣುಕುತ್ತಿದ್ದರು. ಹಿಡಿಯದೆ, ಮುಟ್ಟದೆ, ಸುಮ್ಮನೆ ಕಡಲನ್ನು ನೋಡಿದ್ದು ಆ ಊರು ಅದೇ ಮೊದಲು. ಮೀನು ಮಾತಾಡುತ್ತದೆಯೇ, ಏಡಿ ಮನೆ ಬದಲಾಯಿಸುವಾಗ ಹಳೆಯ ಚಿಪ್ಪನ್ನು ಎಲ್ಲಿ ಬಿಡುತ್ತದೆ, ಆ ಪಟ್ಟೆ ಮೀನು ದಿನವೂ ಅದೇ ಕಲ್ಲಿಗೆ ಯಾಕೆ ಬರುತ್ತದೆ ಎಂದು ವಾದ ಮಾಡಿಕೊಳ್ಳುತ್ತಿದ್ದರು. ಬಿಡಿಸಬಾರದು ಎಂಬುದನ್ನು ಮರೆತೇಬಿಟ್ಟಿದ್ದರು.

ಎರಡನೆಯ ವರ್ಷವೂ ಕಲ್ಲು ಮಾತಾಡಲಿಲ್ಲ. ಆದರೆ ಬಿಳಿ ಕೊಕ್ಕರೆಗಳು ಬಂದು ಬೆಂಡುಗಳ ಮೇಲೆ, ಬೆಂಡಿಗೊಂದರಂತೆ, ಕಾವಲಿನವರ ಹಾಗೆ ಕೂತವು. ಹಂಡೆಯಷ್ಟು ದೊಡ್ಡ ಕಡಲಾಮೆಯೊಂದು ಮಧ್ಯಾಹ್ನದ ಹೊತ್ತು ಊರಿನವರೆಲ್ಲ ನೋಡುತ್ತಿರುವಾಗಲೇ ಹೊಸ್ತಿಲು ದಾಟಿ ಒಳಗೆ ಹೋಯಿತು. ಯಾರೋ ನೆಂಟರು ಎಂದಳು ಬುಟ್ಟಿಯವಳು, ಈ ಸಲ ಕುಹಕವಿಲ್ಲದೆ.

ಮೂರನೆಯ ವರ್ಷ, ನೀಲಿ ನೀರಿನ ಮೊದಲ ದಿನಕ್ಕೆ ಸ್ವಲ್ಪ ಮುಂಚೆ, ಹೊಸ್ತಿಲಿನ ಹೊರಗೆ ನೀರು ಕಪ್ಪಾಯಿತು. ಮೋಡದ ನೆರಳೆಂದು ತಲೆಯೆತ್ತಿದರು; ಮೋಡವಿರಲಿಲ್ಲ. ಬಂಗುಡೆ. ಒಳಗೆ ಹಿಡಿಸದೆ, ಬೆಂಡುಗಳ ಅಡಿಯಿಂದ ನುಸುಳಿ, ಶಾಲೆ ಬಿಟ್ಟ ಮಕ್ಕಳ ಹಾಗೆ ಹೊರಗೆ ಬರುತ್ತಿದ್ದವು. ಯಜಮಾನ ಕತ್ತರಿಸಿದ ಬಲೆಯ ಒಂದು ತುಂಡನ್ನಷ್ಟೇ, ದೊಡ್ಡ ಕಣ್ಣಿನದ್ದನ್ನು, ಹೊರಗೆ ಹಾಕಿದ. ಮೊದಲ ಮೀನನ್ನು ಕಣ್ಣಿಗೊತ್ತಿಕೊಂಡ. ಎಂಬತ್ತು ಮನೆಯಲ್ಲೂ ಹೊಗೆ ಎದ್ದಿತು. ಬುಟ್ಟಿಯವಳ ಹಿಂದೆ ಬೆಕ್ಕು ಮತ್ತೆ ಹೊರಟಿತು.

ಊರು ನಕ್ಕಿತು. ಕೇಳುವವಳೂ ನಕ್ಕಳು. ಆದರೆ ಅವಳ ಬಲಗಿವಿ ಖಾಲಿಯಾಗಿಯೇ ಇತ್ತು. ಊರಿಗೆ ಮೀನು ಬಂತು, ನನಗೆ ತಾಯಿ ಬರಲಿಲ್ಲ ಎಂದು ಒಳಗೊಳಗೇ ನೊಂದಳು. ಇದು ನ್ಯಾಯವೇ ಎಂದು ದೇವರನ್ನು ಕೇಳಲಿಲ್ಲ. ಕೇಳದೆ ನೊಂದಳು, ಅದು ಇನ್ನೂ ಕಷ್ಟ.

ನೀಲಿ ನೀರಿನ ಬೆಳಿಗ್ಗೆ ಬಂತು. ಊರು ದಂಡೆಯಲ್ಲಿ ನಿಂತಿತು. ಅವಳು ಮಂಡಿಯೂರಿದಳು, ಈಗ ಮಂಡಿಯೂರಲು ಗಂಟೆಯವನು ತೋಳು ಹಿಡಿಯಬೇಕಿತ್ತು. ಕಲ್ಲಿಗೆ ಕಿವಿ ಇಟ್ಟಳು. ಒಂದು ತೆರೆ. ಎರಡು. ಐದು. ಏಳು.

ಏನೂ ಇಲ್ಲ.

ಎದ್ದು ನಿಂತಳು. ಕಣ್ಣು ತುಂಬಿತ್ತು. ಕಾಲು ತಡವರಿಸಿ ಗಂಟೆಯವನ ಭುಜಕ್ಕೆ ಒರಗಿದಳು, ಗಂಟೆ ಕಲ್ಲಿಗೆ ತಾಗಿ ಮಂದವಾಗಿ ದಡ್ ಎಂದಿತು. ಆಗ ಪಕ್ಕದಲ್ಲೇ ನಿಂತಿದ್ದ ಯಜಮಾನನ ಮಗಳು ಗಾಬರಿಯಿಂದ ಕೈಯೆತ್ತಿದಳು. ನೀಲಿ ನೀರಿನ ದಿನಕ್ಕೆಂದು ಅವಳು ಪ್ರತಿ ವರ್ಷ ತವರಿಗೆ ಬರುತ್ತಿದ್ದಳು. ಅವಳ ಹೆಗಲ ಮೇಲೆ ಮಗು ಬಾಯಿ ಸ್ವಲ್ಪ ತೆರೆದುಕೊಂಡು ಒರಗಿತ್ತು.

"ಶ್, ಮೆಲ್ಲಗೆ ದೊಡ್ಡಮ್ಮ. ಬೆಳಿಗ್ಗೆಯಿಂದ ಕಿರಿಕಿರಿ. ಜಾಗ ಸಿಕ್ಕಿತು ನೋಡಿ, ಈಗಷ್ಟೇ ಮಲಗಿತು. ಇನ್ನು ಉಸಿರೆತ್ತುವುದಿಲ್ಲ."

ಕೇಳುವವಳು ಮಗುವನ್ನು ನೋಡಿದಳು. ಹಾಗೇ ಎಷ್ಟು ಹೊತ್ತು ನೋಡಿದಳೆಂದು ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ.

ಮತ್ತೆ ಮಂಡಿಯೂರಿ ಕಲ್ಲಿಗೆ ಕಿವಿ ಇಟ್ಟಳು. ಎರಡನೆಯ ಸಲ ಕೇಳುವ ಪದ್ಧತಿಯೇ ಇರಲಿಲ್ಲ, ಯಾರೂ ತಡೆಯಲಿಲ್ಲ. ಏನೂ ಇಲ್ಲದಿರುವುದನ್ನು ಈ ಸಲ ಅವಳು ಕೇಳಿದಳು. ಅದು ಮುಚ್ಚಿದ ಬಾಯಿಯ ಮೌನವಾಗಿರಲಿಲ್ಲ. ಅದರಲ್ಲಿ ಏರಿಳಿತವಿತ್ತು, ಬೆಚ್ಚಗಿತ್ತು, ತುಂಬಿದ ಹೊಟ್ಟೆಯ ನಿದ್ದೆಯ ಹಾಗಿತ್ತು. ಮೂರು ವರ್ಷದಿಂದ ಅದು ಅಲ್ಲೇ ಇತ್ತು.

ಎದ್ದು ಊರಿನತ್ತ ತಿರುಗಿದಳು. ಪಿಸುಮಾತಿನಲ್ಲಿ, ಹಿಂದಿನ ಸಾಲಿನವರು ಮುಂದಿನವರ ಬಾಯಿ ನೋಡಿ ತಿಳಿದುಕೊಳ್ಳಬೇಕಾದಷ್ಟು ಮೆಲ್ಲಗೆ ಹೇಳಿದಳು:

"ಏನೂ ಇಲ್ಲ. ಮಲಗಿದ್ದಾಳೆ."

ಗಂಟೆಯವನು ಗಂಟೆಯ ನಾಲಗೆಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಲು ಕೈ ಹಾಕಿದವನು, ಯೋಚಿಸಿ, ಇನ್ನೊಂದು ಸುತ್ತು ಸುತ್ತಿದ.

ಕೇಳುವವಳು ತೀರಿಹೋಗಿ ಬಹಳ ಕಾಲವಾಯಿತು. ಅವಳ ನಂತರ ಯಜಮಾನನ ಮಗಳು ಕೇಳಿದಳು, ಆಮೇಲೆ ಆ ಮಗಳ ಮಗಳು. ಪ್ರತಿ ವರ್ಷ ನೀಲಿ ನೀರಿನ ಬೆಳಿಗ್ಗೆ ಊರು ಉಸಿರು ಬಿಗಿಹಿಡಿದು ನಿಲ್ಲುತ್ತದಂತೆ, ಕಲ್ಲಿನಿಂದ ಎದ್ದವಳು ಏನೂ ಇಲ್ಲ ಎನ್ನಲಿ ಎಂದು ಬೇಡಿಕೊಳ್ಳುತ್ತದಂತೆ. ಅವಳು ಹಾಗೆಂದ ಮೇಲೆ ಎಲ್ಲರೂ ಸದ್ದಿಲ್ಲದೆ ಮನೆಗೆ ಹೋಗಿ ಹಬ್ಬದಡುಗೆ ಮಾಡುತ್ತಾರಂತೆ.

ಈ ಕಥೆ ಕೇಳಿದಂದಿನಿಂದ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಹಬ್ಬದ ದಿನ ದೇವರಿಗೆ ಎಡೆ ಇಡುವಾಗ ಎಲೆಯ ಒಂದು ಮೂಲೆಯನ್ನು ಖಾಲಿ ಬಿಡುತ್ತೇನೆ. ಮೊದಲ ವರ್ಷ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದಳು.

"ಅಲ್ಲಿ ಎಂತದೂ ಬಡಿಸಲಿಲ್ಲ ನೀವು."

"ಬಡಿಸಿದ್ದೇನೆ," ಎಂದೆ.